ನೋವು ಗೊತ್ತಾಗದ ಮೈ, ಕೆಲಸ ಬಲ್ಲ ಕೈ

1954ರ ಜನವರಿಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೆಲವು ಯುವ ವೈದ್ಯರು ಹೊರಗೆ ಸುತ್ತಾಡಲು ಹೊರಟಿದ್ದರು. ದಾರಿಯಲ್ಲಿ ಗಾಡಿ ಅಪಘಾತಕ್ಕೀಡಾಯಿತು. ಅದರಲ್ಲಿದ್ದ ಡಾ. ಮೇರಿ ವರ್ಗೀಸ್ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಕೊಚ್ಚಿ ಕಡೆಯವರು, ಇನ್ನೂ 30 ತುಂಬಿರಲಿಲ್ಲ. ಅವರು ಮತ್ತೆ ನಡೆಯಲಿಲ್ಲ.

ಬೆನ್ನುಹುರಿ ಅಂದರೆ ಬೆನ್ನೆಲುಬಿನೊಳಗೆ ಇಳಿಯುವ ನರಗಳ ಕಟ್ಟು. ಮಿದುಳಿನ ಅಪ್ಪಣೆ ಕೆಳಗಿಳಿಯುವುದೂ, ಮೈಯ ಸುದ್ದಿ ಮೇಲೇರುವುದೂ ಇದರಲ್ಲೇ. ಕೈಯ ನರ ತುಂಡಾದರೆ ನಿಧಾನವಾಗಿ ಬೆಳೆದು ಕೂಡಿಕೊಳ್ಳಬಹುದು. ಬೆನ್ನುಹುರಿಯಲ್ಲಿ ಹಾಗಲ್ಲ. ಗಾಯವಾದಲ್ಲಿ ಗಟ್ಟಿ ಕಲೆ ಕಟ್ಟುತ್ತದೆ, ಸುತ್ತಲಿನ ಕೆಲವು ಪ್ರೋಟೀನುಗಳೂ ನರದ ಎಳೆ ಮುಂದೆ ಬೆಳೆಯದಂತೆ ತಡೆಯುತ್ತವೆ.

ಕಾಲು ಬರದಿರುವುದು ಎಲ್ಲರಿಗೂ ಕಾಣುತ್ತದೆ. ನೋವು ಗೊತ್ತಾಗದಿರುವುದು ಯಾರಿಗೂ ಕಾಣುವುದಿಲ್ಲ. ಅಪಾಯ ಅಲ್ಲೇ ಜಾಸ್ತಿ. ಒಂದೇ ಕಡೆ ಕೂತರೆ ನಮಗೆ ಜೋಮು ಹಿಡಿಯುತ್ತದೆ, ನಮಗೇ ಗೊತ್ತಿಲ್ಲದೆ ಮಗ್ಗುಲು ಬದಲಿಸುತ್ತೇವೆ, ನಿದ್ದೆಯಲ್ಲೂ. ಆ ಸುದ್ದಿ ಮಿದುಳಿಗೆ ಮುಟ್ಟದಿದ್ದರೆ? ಎಲುಬಿಗೂ ಕುರ್ಚಿಗೂ ನಡುವೆ ಚರ್ಮ ಒತ್ತಿಹೋಗುತ್ತದೆ, ರಕ್ತ ಹರಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಹುಣ್ಣಿಗೆ ನಾಂದಿ. ಹಿಂದೆ ಬೆನ್ನುಹುರಿ ಕೆಟ್ಟವರಲ್ಲಿ ಬಹಳಷ್ಟು ಜನ ಇಂಥ ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕಿನಿಂದಲೋ ಸಾಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ 1944ರಲ್ಲಿ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್, ಎರಡು ಗಂಟೆಗೊಮ್ಮೆ ಹಗಲೂ ರಾತ್ರಿ ರೋಗಿಯ ಮಗ್ಗುಲು ಬದಲಿಸಲೇಬೇಕು ಎಂದು ಹಟ ಹಿಡಿದರು. ಇಷ್ಟು ಸರಳ ಕೆಲಸ ಎಷ್ಟೋ ಜೀವ ಉಳಿಸಿತು. ಅದೇ ಆಸ್ಪತ್ರೆಯ ಅಂಗಳದಲ್ಲಿ 1948ರಲ್ಲಿ ಗಾಲಿಕುರ್ಚಿಯವರಿಗಾಗಿ ನಡೆಸಿದ ಬಿಲ್ಲುಗಾರಿಕೆ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ಬುನಾದಿಯಾಯಿತು.

ಮತ್ತೆ ವೆಲ್ಲೂರಿಗೆ ಬರೋಣ. ಅಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕುಷ್ಠದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದ ಕಾಲ ಅದು. ಬ್ರಾಂಡ್ ಕಂಡುಕೊಂಡದ್ದೇ ಬೇರೆ. ನರ ಸತ್ತು ಸ್ಪರ್ಶ ಹೋಗಿರುತ್ತದೆ. ಬಿಸಿ ಪಾತ್ರೆ ಹಿಡಿದರೂ ಸುಡುವುದು ತಿಳಿಯುವುದಿಲ್ಲ, ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ಮಡಚಿಕೊಂಡ ಬೆರಳುಗಳನ್ನು ಬಿಡಿಸಲು, ಚೆನ್ನಾಗಿರುವ ಸ್ನಾಯುವಿನ ತುದಿಯನ್ನು ಬೇರೆ ಕಡೆಗೆ ಜೋಡಿಸುವ ವಿಧಾನವನ್ನು ಅವರು ಬಳಸುತ್ತಿದ್ದರು. ಈ ಕೆಲಸ ನೀವು ಮಾಡಿ ಎಂದು ಮೇರಿಯವರನ್ನು ಹುರಿದುಂಬಿಸಿದವರೂ ಅವರೇ. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದಲ್ವಾ!

ಈ ಕಥೆಯಲ್ಲಿ ನನ್ನನ್ನು ತುಂಬಾ ತಟ್ಟಿದ್ದು ಇದೇ. ಮೇಜಿನ ಆಚೆ ಕೈಯಲ್ಲಿ ಸ್ಪರ್ಶ ಕಳೆದುಕೊಂಡವರು, ಈಚೆ ಕಾಲಲ್ಲಿ ಸ್ಪರ್ಶ ಕಳೆದುಕೊಂಡ ವೈದ್ಯೆ. ಇಬ್ಬರೂ ಕಲಿಯಬೇಕಾದ ಪಾಠ ಒಂದೇ: ನೋವು ಮಾಡುತ್ತಿದ್ದ ಕಾವಲನ್ನು ಇನ್ನು ಕಣ್ಣು ಮಾಡಬೇಕು. ಕನ್ನಡಿ ಹಿಡಿದು ದಿನಾ ಚರ್ಮ ನೋಡಿಕೊಳ್ಳಬೇಕು. ಕೂತಿರುವಾಗ ಆಗಾಗ ತೋಳಿನ ಬಲದಿಂದ ಮೈ ಎತ್ತಬೇಕು. ಕೇಳಲು ಸಣ್ಣ ವಿಷಯ, ಆದರೆ ಇಷ್ಟು ರೂಢಿಯಾಗದೆ ಓದು, ನೌಕರಿ, ಸಂಸಾರ ಯಾವುದೂ ನಿಲ್ಲುವುದಿಲ್ಲ.

ಮುಂದೆ ಮೇರಿ ನ್ಯೂಯಾರ್ಕಿನಲ್ಲಿ ಡಾ. ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ಚಿಕಿತ್ಸೆ, ಅಂದರೆ ಅಂಗ ಸೋತವರು ಮತ್ತೆ ಬದುಕು ನಡೆಸುವಂತೆ ಮಾಡುವ ವಿದ್ಯೆ, ಕಲಿತರು. 1963ರಲ್ಲಿ ವೆಲ್ಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ವೆಲ್ಲೂರಿನ ಬಾಗಾಯಂನಲ್ಲಿ ಪುನರ್ವಸತಿ ಕೇಂದ್ರ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು.

ನಮ್ಮ ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರಿಗೂ ಇದೇ ದಾರಿ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ದಯವಿಟ್ಟು. ಕತ್ತು, ಬೆನ್ನು ಅಲುಗದಂತೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ. ಆಸ್ಪತ್ರೆಯಿಂದ ಮನೆಗೆ ಬಂದಾಗ ಹೊಸ್ತಿಲು ತಗ್ಗಿಸಿ, ಬಚ್ಚಲ ಬಾಗಿಲು ಅಗಲ ಮಾಡಿಸಿ. ಆಮೇಲೆ ಅವರಿಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿ, ಬ್ರಾಂಡ್ ಮೇರಿಯವರನ್ನು ಹುರಿದುಂಬಿಸಿದ ಹಾಗೆ ಹುರಿದುಂಬಿಸಿ.