ಒತ್ತಿದ ಗಂಟೆ ನಿಲ್ಲದಿದ್ದರೆ

‘ಉರಿಯೂತ ತಗ್ಗಿಸಿಕೊಳ್ಳಿ, ಕ್ಯಾನ್ಸರ್ ಹತ್ತಿರವೂ ಸುಳಿಯದು’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಅದರಲ್ಲಿ ಅರ್ಧ ನಿಜ. ಉಳಿದರ್ಧ ಮೂತ್ರಕೋಶದೊಳಗಿದೆ.

1851ರಲ್ಲಿ ಥಿಯೊಡೋರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯರು ಕೈರೋದಲ್ಲಿ ಶವಪರೀಕ್ಷೆ ಮಾಡುತ್ತಿದ್ದಾಗ ರಕ್ತನಾಳದೊಳಗೆ ಹುಳುವೊಂದನ್ನು ಕಂಡರು. ಅದರ ಮೊಟ್ಟೆಯ ತುದಿಗೊಂದು ಮುಳ್ಳು. ಮೂತ್ರಕೋಶದ ಗೋಡೆಯಲ್ಲಿ ಈ ಮೊಟ್ಟೆಗಳು ಸಿಕ್ಕಿಕೊಂಡು ವರ್ಷಗಟ್ಟಲೆ ಉಳಿದರೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯ ಹೆಚ್ಚುತ್ತದೆ. ಚುಚ್ಚಿದ ಮುಳ್ಳಿಗಿಂತ, ಚುಚ್ಚಿದ ಸುದ್ದಿಯನ್ನು ಬಿಡದೆ ಸಾರುವವರ ಕಿತಾಪತಿಯೇ ಇಲ್ಲಿ ದೊಡ್ಡದು.

ಸಾರುವವು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳು; ಆ ಸಾರಿಕೆಗೆ ಮೈ ಕೊಡುವ ಉತ್ತರವೇ ಉರಿಯೂತ. ಅವುಗಳಲ್ಲೊಂದಾದ ಇಂಟರ್‌ಲ್ಯೂಕಿನ್-8 ಬಿಳಿರಕ್ತಕಣಗಳನ್ನು ಕೂಗಿ ಕರೆಯುತ್ತದೆ, ಹೊಸ ರಕ್ತನಾಳಗಳಿಗೂ ದಾರಿ ಮಾಡುತ್ತದೆ. ನನಗೆ ಹೆಚ್ಚು ಇಷ್ಟ ಇಂಟರ್‌ಲ್ಯೂಕಿನ್-6. ಅದು ಬಾಗಿಲ ಗಂಟೆ ಒತ್ತುವ ಅತಿಥಿ, ಆದರೆ ಹೊಸ್ತಿಲು ದಾಟುವುದಿಲ್ಲ. ಗಂಟೆ ಕೇಳಿ ಒಳಗೆ ಸ್ಟ್ಯಾಟ್-3 ಎಂಬ ಆಳು ಎದ್ದು ಕೋಶಕೇಂದ್ರಕ್ಕೆ ಓಡಿ, ‘ಸಾಯಬೇಡ, ಇಬ್ಭಾಗವಾಗು’ ಎನ್ನುವ ಜೀನುಗಳನ್ನು ಎಬ್ಬಿಸುತ್ತದೆ. ಗಾಯ ಮಾಯಬೇಕಾದರೆ ಇದು ಬೇಕೇ ಬೇಕು. ಚೆಂದವೆಂದರೆ, ಆ ಆಳು ಅದೇ ಓಟದಲ್ಲಿ ಸಾಕ್ಸ್-3 ಎಂಬ ಇನ್ನೊಂದು ಪ್ರೋಟೀನನ್ನೂ ತಯಾರಿಸಿಡುತ್ತದೆ. ಗಂಟೆಯ ತಂತಿ ಕೀಳುವುದು ಅದರ ಕೆಲಸ. ಒಲೆ ಹೊತ್ತಿಸಿದವನೇ ಪಕ್ಕದಲ್ಲಿ ನೀರಿನ ಬಿಂದಿಗೆ ಇಟ್ಟ ಹಾಗೆ. ಕ್ಯಾನ್ಸರ್ ಕೋಶ ಮಾತ್ರ ಮಹಾ ಪಾಕಡ. ಇಂಟರ್‌ಲ್ಯೂಕಿನ್-6 ಅನ್ನು ತಾನೇ ಸ್ರವಿಸಿ, ತನ್ನ ಮನೆಯ ಗಂಟೆ ತಾನೇ ಒತ್ತಿಕೊಂಡು, ತಾನೇ ‘ಬಂದೆ’ ಎನ್ನುತ್ತದೆ.

(ಹುಳುವಿಲ್ಲದ ಊರಿನವರು ನಿರಾಳವಾಗಬೇಕಿಲ್ಲ. ಮೂತ್ರಕೋಶದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಧೂಮಪಾನದ ಲೆಕ್ಕಕ್ಕೇ ಸೇರುತ್ತದೆ.)

ಹಾಗಾದರೆ ಉರಿಯೂತವನ್ನೆಲ್ಲ ಆರಿಸಿಬಿಡೋಣವೇ? 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲಿಸ್ ಮತ್ತು ಸಂಗಡಿಗರು 9 ರೋಗಿಗಳ ವರದಿ ಪ್ರಕಟಿಸಿದರು. ಅವರು ಮಾಡಿದ್ದು ತದ್ವಿರುದ್ಧ. ಕ್ಷಯದ ಲಸಿಕೆಯಾದ ಬಿಸಿಜಿಯ ಜೀವಂತ ಬ್ಯಾಕ್ಟೀರಿಯಾಗಳನ್ನು ನೇರ ಮೂತ್ರಕೋಶಕ್ಕೇ ಬಿಟ್ಟರು. ಸ್ನಾಯುಪದರಕ್ಕೆ ಇಳಿಯದ, ಆದರೆ ಮರುಕಳಿಸುವ ಅಪಾಯ ಹೆಚ್ಚಿರುವ ಗಡ್ಡೆಗಳಿಗೆ ಇಂದಿಗೂ ಅದೇ ಚಿಕಿತ್ಸೆ: ಗಡ್ಡೆ ಕೆರೆದು ತೆಗೆದ ಮೇಲೆ ವಾರಕ್ಕೊಮ್ಮೆಯಂತೆ 6 ವಾರ, ಕ್ಯಾಥೆಟರ್ ಎಂಬ ತೆಳು ಕೊಳವೆಯ ಮೂಲಕ ದ್ರವ ತುಂಬಿ 2 ತಾಸು ತಡೆದುಕೊಳ್ಳುವುದು. ಅಂದು ಸಂಜೆ ಮೂತ್ರ ಉರಿಯುತ್ತದೆ, ಮೈ ಬೆಚ್ಚಗಾಗಬಹುದು. ಬ್ಯಾಕ್ಟೀರಿಯಾ ಎಬ್ಬಿಸಿದ ಗಲಾಟೆಗೆ ಟಿ ಕೋಶಗಳೆಂಬ ಬಿಳಿರಕ್ತಕಣಗಳು ಓಡಿಬರುತ್ತವೆ, ಅಡಗಿ ಕುಳಿತ ಕ್ಯಾನ್ಸರ್ ಕೋಶಗಳೂ ಅವುಗಳ ಕೈಗೆ ಸಿಗುತ್ತವೆ. ಆ ಹೊತ್ತಿನ ಮೂತ್ರವನ್ನು ಪರೀಕ್ಷಿಸಿದರೆ ಅದರಲ್ಲಿ ಸಿಗುವುದು ಯಾರು? ಇದೇ ಇಂಟರ್‌ಲ್ಯೂಕಿನ್-6, ಇದೇ ಇಂಟರ್‌ಲ್ಯೂಕಿನ್-8.