ಬಾಟಲಿ ಕಾಡಿನ ಮುಚ್ಚಳಕ್ಕೆ ಎಷ್ಟು ತೂತು ಮಾಡಬೇಕು?

ಪ್ರಶ್ನೆ: ಮೇಡಂ, ಮಗಳ ಶಾಲೆಯಲ್ಲಿ ಮಳೆಕಾಡಿನ ಪಾಠಕ್ಕೆ ಟೆರೇರಿಯಂ, ಅಂದರೆ ಗಾಜಿನ ಬಾಟಲಿಯೊಳಗೆ ಪುಟ್ಟ ಕಾಡು, ಮಾಡಿ ತರಲು ಹೇಳಿದ್ದಾರೆ. ಗಾಜಿನ ಬಾಟಲಿ, ಮಣ್ಣು, ಗಿಡ ಎಲ್ಲ ರೆಡಿ ಇದೆ. ಗಿಡ ಉಸಿರಾಡಬೇಕಲ್ಲ, ಮುಚ್ಚಳಕ್ಕೆ ಎಷ್ಟು ತೂತು ಮಾಡಬೇಕು?

ಒಂದೂ ಬೇಡ.

ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹನ್ನೊಂದು ವರ್ಷದಿಂದ ಮಕ್ಕಳ ಜೊತೆ ಬಾಟಲಿ ಕಾಡು ಮಾಡುತ್ತಿದ್ದೇನೆ. ಎಷ್ಟು ನೀರು ಹಾಕಬೇಕು, ಎಲ್ಲಿ ಇಡಬೇಕು ಅಂತ ಕೇಳುವವರು ಕಡಿಮೆ. ಮೊಳೆ, ಸುತ್ತಿಗೆ ಹಿಡಿದು ಮುಚ್ಚಳದ ಮುಂದೆ ಕೂತವರೇ ಜಾಸ್ತಿ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮಾಡುವ ವಿಧಾನ ನಿಮಗೆ ಗೊತ್ತೇ ಇದೆ. ತಳಕ್ಕೆ ಎರಡು ಬೆರಳಿನಷ್ಟು ಸಣ್ಣ ಜಲ್ಲಿ, ಅದರ ಮೇಲೆ ಸ್ವಲ್ಪ ಇದ್ದಿಲು, ಆಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಕಾಂಪೌಂಡ್ ಗೋಡೆಯ ಪಾಚಿ, ಬಾವಿಕಟ್ಟೆಯ ಬಿರುಕಿನಲ್ಲಿ ಬೆಳೆಯುವ ಪುಟ್ಟ ಜರಿಗಿಡ ಸಾಕು. ಕಾಡಿಗೆ ಹೋಗಿ ಕಿತ್ತು ತರಬೇಡಿ. ಒಂದೆರಡು ಒಣ ಎಲೆ ಮಾತ್ರ ಮರೆಯದೆ ಹಾಕಿ. ಬೆಳಕು ಬೀಳುವ, ಆದರೆ ನೇರ ಬಿಸಿಲು ತಾಗದ ಕಿಟಕಿ ಹತ್ತಿರ ಇಡಿ. ಬಿಸಿಲಿಗೆ ಇಟ್ಟರೆ ಒಳಗೆ ಗಿಡ ಬೆಂದು ಹೋಗುತ್ತದೆ.

ಈಗ ತೂತಿನ ವಿಷಯ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಚಿಕ್ಕವರಿದ್ದಾಗ ನಾವೆಲ್ಲ ಬೆಂಕಿಪೊಟ್ಟಣದಲ್ಲಿ ಜೀರುಂಡೆ ಹಿಡಿದಿಟ್ಟವರು. ಪೊಟ್ಟಣಕ್ಕೆ ಸೂಜಿಯಲ್ಲಿ ತೂತು ಮಾಡಿ ಅಂತ ಅಮ್ಮ ಹೇಳುತ್ತಿದ್ದರು. ಆ ಮಾತು ಸರಿ. ಜೀರುಂಡೆ ಗಾಳಿಯನ್ನು ಬಳಸುತ್ತದೆ, ಬಳಸಿದ್ದನ್ನು ತಿರುಗಿ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಗಿಡಕ್ಕೆ ಬರುತ್ತದೆ. ವ್ಯತ್ಯಾಸ ಇರುವುದೇ ಅಲ್ಲಿ.

ಹಗಲು ಬೆಳಕಿನಲ್ಲಿ ಗಿಡ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಆಮ್ಲಜನಕ ಬಿಡುತ್ತದೆ. ಇಷ್ಟು ಹೇಳಿದ ಕೂಡಲೇ ಯಾರಾದರೂ ಕೇಳುತ್ತಾರೆ: "ರಾತ್ರಿ ಏನು ಮಾಡುತ್ತೆ? ಅದಕ್ಕೇ ಅಲ್ವಾ ರಾತ್ರಿ ಮರದ ಕೆಳಗೆ ಮಲಗಬಾರದು ಅನ್ನೋದು?" ಹೌದು, ಗಿಡವೂ ಉಸಿರಾಡುತ್ತದೆ. ರಾತ್ರಿ ಮಾತ್ರ ಅಲ್ಲ, ಹಗಲೂ. ಆದರೆ ರಾತ್ರಿಯಿಡೀ ಅದು ಬಳಸುವ ಆಮ್ಲಜನಕ ಹಗಲಿನಲ್ಲಿ ತಾನೇ ಮಾಡಿದ್ದಕ್ಕಿಂತ ಕಡಿಮೆ. ಉಳಿದದ್ದನ್ನು ಬಳಸಲು ಒಳಗೆ ಬೇರೆಯವರಿದ್ದಾರೆ. ನೀವು ಹಾಕಿದ ಒಣ ಎಲೆಯನ್ನು ಶಿಲೀಂಧ್ರ, ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿನ್ನುವಾಗ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬೆಳಗಾದರೆ ಅದೇ ಜರಿಗಿಡಕ್ಕೆ ಊಟ. ಒಬ್ಬರ ಎಂಜಲು ಇನ್ನೊಬ್ಬರ ಊಟ ಅಂತ ಮಕ್ಕಳಿಗೆ ಹೇಳಿದರೆ ಮುಖ ಕಿವುಚುತ್ತಾರೆ, ಆದರೆ ಆಮೇಲೆ ಮರೆಯುವುದಿಲ್ಲ.

ನನ್ನ ಮಾತು ನಂಬಬೇಡಿ, ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ ಕಥೆ ಕೇಳಿ. 1829ರ ಸುಮಾರಿಗೆ ಅವರು ಪತಂಗದ ಕೋಶ ಒಂದನ್ನು ಹಸಿ ಮಣ್ಣಿನಲ್ಲಿಟ್ಟು ಬಾಟಲಿ ಮುಚ್ಚಿಟ್ಟರು. ಅವರಿಗೆ ಬೇಕಿದ್ದದ್ದು ಪತಂಗ. ಮಣ್ಣಿನಿಂದ ಎದ್ದದ್ದು ಒಂದು ಜರಿಗಿಡ, ಒಂದು ಹುಲ್ಲು. ಲಂಡನ್ನಿನ ಹೊಗೆಯಲ್ಲಿ ಅವರ ಹಿತ್ತಲಿನ ಜರಿಗಿಡಗಳು ಸಾಯುತ್ತಿದ್ದವು, ಬಾಟಲಿಯೊಳಗಿನದು ಚೆನ್ನಾಗಿತ್ತು! ಮೂರು ವರ್ಷಕ್ಕೂ ಜಾಸ್ತಿ ಕಾಲ ಮುಚ್ಚಳ ತೆಗೆಯದೆ, ಒಂದು ಹನಿ ನೀರು ಹಾಕದೆ ಅವು ಬದುಕಿದವು. ಕೊನೆಗೆ ಸತ್ತದ್ದು ಹೇಗೆ ಗೊತ್ತಾ? ವಾರ್ಡ್ ಊರಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ನುಗ್ಗಿತು. ಅಂದರೆ ಗಿಡಗಳನ್ನು ಕೊಂದದ್ದು ಮುಚ್ಚಳದ ತೂತು. ಆಮೇಲೆ ಅವರು ಮಾಡಿಸಿದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಸಮುದ್ರ ದಾಟಿದವು. ಚೀನಾದ ಟೀ ಗಿಡಗಳು ಭಾರತಕ್ಕೆ ಬಂದದ್ದೂ ಅಂಥ ಪೆಟ್ಟಿಗೆಗಳಲ್ಲೇ.

ತೂತು ಮಾಡಿದರೆ ಇನ್ನೊಂದು ನಷ್ಟ. ಪಾಠವೇ ಸೋರಿ ಹೋಗುತ್ತದೆ. ಬೆಳಿಗ್ಗೆ ಎದ್ದು ಬಾಟಲಿ ನೋಡಿ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಕೂತ ಹಾಗೆ ಗಾಜಿನ ಮೇಲೆ ಹನಿ ಕೂತಿರುತ್ತದೆ. ಒಂದು ಹನಿ ಪಕ್ಕದ ಹನಿಗೆ ಸೇರುತ್ತದೆ, ದಪ್ಪ ಆಗುತ್ತದೆ, ತಡೆಯಲಾರದೆ ಗೆರೆ ಎಳೆದುಕೊಂಡು ಪಾಚಿ ಮೇಲೆ ಇಳಿಯುತ್ತದೆ. ಎಲೆಯಿಂದ ಹೋದ ನೀರು ಬೇರಿಗೆ ವಾಪಸ್ ಬಂತು. ತೂತಿದ್ದರೆ ಆ ಹನಿ ನಿಮ್ಮ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಬರಬರುತ್ತಾ ಪಾಚಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗಿಡವೇ ಕಾಣದಷ್ಟು ಮಂಜು ಹಿಡಿದರೆ ಮಾತ್ರ ಅರ್ಧ ದಿನ ಮುಚ್ಚಳ ತೆಗೆದಿಡಿ. ನೀರು ಜಾಸ್ತಿ ಆಗಿದೆ ಅಂತ ಅರ್ಥ.

ನೀವು ಕೇಳದೇ ಇದ್ದರೂ ಇನ್ನೊಂದು ಮಾತು ಹೇಳಬೇಕು. ಟೆರೇರಿಯಂ ಜೊತೆ ಮಕ್ಕಳು ಚಾರ್ಟ್ ಬರೆದು ತರುತ್ತಾರೆ: "ಅಮೆಜಾನ್ ಭೂಮಿಯ ಶ್ವಾಸಕೋಶ, ಶೇ. 20 ಆಮ್ಲಜನಕ ಅಲ್ಲಿಂದಲೇ ಬರುತ್ತದೆ." 2019ರಲ್ಲಿ ಅಲ್ಲಿ ಬೆಂಕಿ ಬಿದ್ದಾಗಲೂ ಎಲ್ಲರೂ ಇದನ್ನೇ ಹೇಳಿದರು. ನಿಮ್ಮ ಮಗಳ ಕೈಯಲ್ಲಿರುವ ಬಾಟಲಿಯೇ ಇದು ತಪ್ಪು ಅಂತ ತೋರಿಸುತ್ತದೆ. ಬಾಟಲಿಯೊಳಗೆ ಮಾಡಿದ ಆಮ್ಲಜನಕ ಹೆಚ್ಚುಕಮ್ಮಿ ಒಳಗೇ ಖರ್ಚಾಗುತ್ತದೆ. ಬೆಳೆದು ನಿಂತ ಮಳೆಕಾಡೂ ಹಾಗೇ. ಮರಗಳು ಉಸಿರಾಡುತ್ತವೆ, ಬಿದ್ದ ಎಲೆ ಕೊಳೆಯುತ್ತದೆ, ಲೆಕ್ಕ ಸರಿಸುಮಾರು ಸೊನ್ನೆಗೆ ಬರುತ್ತದೆ. ನಾವು ಉಸಿರಾಡುವ ಆಮ್ಲಜನಕ ಕೋಟ್ಯಂತರ ವರ್ಷಗಳಿಂದ ಗಾಳಿಯಲ್ಲಿ ಸೇರಿಕೊಂಡದ್ದು.

ಹಾಗಾದರೆ ಕಾಡು ಯಾಕೆ ಬೇಕು? ಗಾಜಿನ ಮೇಲಿನ ಹನಿಗಾಗಿ. ಅಮೆಜಾನ್‌ನಲ್ಲಿ ಬೀಳುವ ಮಳೆಯಲ್ಲಿ ಸುಮಾರು ಅರ್ಧ, ಆ ಕಾಡೇ ತಿರುಗಿ ಮೇಲಕ್ಕೆ ಕಳಿಸಿದ ನೀರು ಅಂತ ಬ್ರೆಜಿಲ್‌ನ ವಿಜ್ಞಾನಿ ಎನೆಯಾಸ್ ಸಲಾತಿ 1970ರ ದಶಕದಲ್ಲೇ ತೋರಿಸಿಕೊಟ್ಟರು. ನಮ್ಮ ಆಗುಂಬೆಯ ಮಳೆ ಹೆಚ್ಚಾಗಿ ಅರಬ್ಬಿ ಸಮುದ್ರದಿಂದ ಬರುವಂಥದ್ದು, ಅದನ್ನೂ ಮಕ್ಕಳಿಗೆ ಹೇಳಿ. ಆದರೆ ನಾಲ್ಕು ತಿಂಗಳಲ್ಲಿ ಸುರಿಯುವ ಆ ನೀರನ್ನು ತರಗೆಲೆ, ಬೇರು, ಪಾಚಿಯಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲೂ ತುಂಗೆಗೆ, ಭದ್ರೆಗೆ ಸ್ವಲ್ಪ ಸ್ವಲ್ಪವೇ ಬಿಡುವುದು ಘಟ್ಟದ ಕಾಡು.

ಕೊನೆಗೆ ಒಂದು ಕೆಲಸ. ಮುಚ್ಚಳ ಬಿಗಿ ಮಾಡಿದ ದಿನ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ಹೋದ ವರ್ಷ ನಮ್ಮ ಐದನೇ ಕ್ಲಾಸಿನ ಮಕ್ಕಳ ಬಾಟಲಿ 1 ಕಿಲೋ 140 ಗ್ರಾಂ ಇತ್ತು. ಎರಡು ತಿಂಗಳಾದ ಮೇಲೆ ಜರಿಗಿಡದಲ್ಲಿ ಮೂರು ಹೊಸ ಎಲೆ ಸುರುಳಿ ಬಿಚ್ಚಿದ್ದವು. ತೂಕ ನೋಡಿದರೆ ಒಂದು ಗ್ರಾಂ ಕೂಡ ಹೆಚ್ಚಾಗಿರಲಿಲ್ಲ. ತಕ್ಕಡಿ ಕೆಟ್ಟಿದೆ ಅಂತ ಎಲ್ಲರೂ ಅಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಾಟಲಿಗೆ ಮೂಗು ತಾಗಿಸಿ ತುಂಬಾ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಿಸ್, ನಾವು ಹಾಕಿದ ಒಣ ಎಲೆ ಎಲ್ಲಿ ಹೋಯ್ತು?"