ಎಲಚಿ ಮರದ ತೊಗಟೆ ಮತ್ತು ಹರಡುವ ಮೆಲನೋಮಾ

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮಾ ಎಂಬ ಕ್ಯಾನ್ಸರನ್ನು ಅದು ಚರ್ಮದ ಮಟ್ಟದಲ್ಲೇ ಇರುವಾಗ ಗುರುತಿಸಿದರೆ ಶಸ್ತ್ರಚಿಕಿತ್ಸೆಯಿಂದ ಬಹುತೇಕ ಗುಣಪಡಿಸಬಹುದು. ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹಬ್ಬಿದ ಮೇಲೆ ಮಾತ್ರ ಅದು ಔಷಧಿಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಮೆರಿಕದಲ್ಲಿ 1975ರಲ್ಲಿ ಒಪ್ಪಿಗೆ ಪಡೆದ ಡಕಾರ್ಬಜೀನ್ ಮೂರು ದಶಕಗಳಿಗೂ ಹೆಚ್ಚು ಕಾಲ ವೈದ್ಯರ ಮುಖ್ಯ ಆಸರೆಯಾಗಿತ್ತು. ಅದರಿಂದ ಗೆಡ್ಡೆ ಕುಗ್ಗುತ್ತಿದ್ದುದು ಹತ್ತು ರೋಗಿಗಳಲ್ಲಿ ಒಬ್ಬಿಬ್ಬರಿಗಷ್ಟೇ. ಗಿಡಮರಗಳತ್ತ ಸಂಶೋಧಕರು ಅಷ್ಟು ಆಸೆಯಿಂದ ನೋಡಿದ್ದು ಏಕೆಂಬುದು ಈ ಕೊರತೆಯನ್ನು ನೆನೆದರೆ ಅರ್ಥವಾಗುತ್ತದೆ.

ಆ ಆಸೆಗೆ ಆಧಾರವೂ ಇತ್ತು. ನಮ್ಮ ಅಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದಿಂದ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಬೇರ್ಪಡಿಸಿದ್ದರು. ಪೆಸಿಫಿಕ್ ಯೂ ಮರದ ತೊಗಟೆಯಿಂದ ದೊರೆತ ಇನ್ನೊಂದು ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆಯನ್ನು ಮನ್‌ಸುಖ್ ವಾನಿ ಮತ್ತು ಮನ್ರೋ ವಾಲ್ 1971ರಲ್ಲಿ ಪ್ರಕಟಿಸಿದರು. ಕೋಶವು ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ಮೊದಲನೆಯದು ತಡೆದರೆ, ಕಟ್ಟಿಕೊಂಡವು ಬಿಚ್ಚಿಕೊಳ್ಳದಂತೆ ಎರಡನೆಯದು ಹಿಡಿದಿಡುತ್ತದೆ. ಎರಡನ್ನೂ ಮೆಲನೋಮಾದ ಮೇಲೆ ಪ್ರಯೋಗಿಸಲಾಯಿತು, ಆದರೆ ಫಲ ಅಷ್ಟಕ್ಕಷ್ಟೇ. ಪ್ರೋಟೀನಿನೊಡನೆ ಬೆಸೆದ ಪ್ಯಾಕ್ಲಿಟ್ಯಾಕ್ಸೆಲನ್ನು ಡಕಾರ್ಬಜೀನ್ ಜೊತೆ ಹೋಲಿಸಿದ ದೊಡ್ಡ ಪರೀಕ್ಷೆಯಲ್ಲಿ ರೋಗ ಮುಂದುವರಿಯದ ಅವಧಿ 2.5 ತಿಂಗಳ ಬದಲು 4.8 ತಿಂಗಳಾಯಿತು; ರೋಗಿಗಳ ಒಟ್ಟು ಆಯುಷ್ಯದಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಸಂಚಲನ ಮೂಡಿದ್ದು 1995ರಲ್ಲಿ. ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜಾನ್ ಪೆಜ್ಜುಟೊ ಅವರ ತಂಡವು ಎಲಚಿ ಮರದ ತೊಗಟೆಯಿಂದ ಬೆಟುಲಿನಿಕ್ ಆಮ್ಲವನ್ನು ತೆಗೆದು, ಅದು ಮೆಲನೋಮಾ ಕೋಶಗಳನ್ನು ಆಯ್ದು ಕೊಲ್ಲುತ್ತದೆ ಎಂದು ಪ್ರಕಟಿಸಿತು. ಸಂಕ್ರಾಂತಿಯಂದು ನಾವು ಮಕ್ಕಳ ತಲೆಯ ಮೇಲೆ ಎರೆಯುವ ಅದೇ ಎಲಚಿ ಹಣ್ಣಿನ ಮರವದು. ಮಾನವ ಮೆಲನೋಮಾ ಬೆಳೆಸಿದ ಇಲಿಗಳಲ್ಲಿ ಗೆಡ್ಡೆಗಳ ಬೆಳವಣಿಗೆ ತಗ್ಗಿತು, ಇಲಿಗಳು ಸೊರಗಲೂ ಇಲ್ಲ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಮೇಲೆ ನೇರವಾಗಿ ಎರಗಿ, ಕೋಶವು ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುವಂತೆ ಈ ಆಮ್ಲ ಪ್ರಚೋದಿಸುತ್ತದೆ ಎಂಬುದನ್ನು ಮುಂದಿನ ಅಧ್ಯಯನಗಳು ತೋರಿಸಿದವು.

ಅಡ್ಡಿಯಾದದ್ದು ನೀರು. ಬೆಟುಲಿನಿಕ್ ಆಮ್ಲ ನೀರಿನಲ್ಲಿ ಕರಗುವುದೇ ಕಷ್ಟವಾದ್ದರಿಂದ, ದೇಹದೆಲ್ಲೆಡೆ ಚದುರಿದ ಗೆಡ್ಡೆಗಳಿಗೆ ಅದನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪಿಸುವುದು ದುಸ್ತರ. ರಸಾಯನಶಾಸ್ತ್ರಜ್ಞರು ಅದರ ಅಣುವನ್ನು ನಾನಾ ಬಗೆಯಲ್ಲಿ ತಿದ್ದಿದರು, ಅತಿಸೂಕ್ಷ್ಮ ಕಣಗಳಲ್ಲಿ ತುಂಬಿದರು. ಹರಡಿದ ಮೆಲನೋಮಾಕ್ಕೆ ಒಪ್ಪಿಗೆ ಪಡೆದ ಔಷಧಿಯಾಗಿ ಅದು ಇನ್ನೂ ಹೊರಬಂದಿಲ್ಲ. ಅಷ್ಟರಲ್ಲಿ ಚಿಕಿತ್ಸೆಯ ದಿಕ್ಕೇ ಬದಲಾಯಿತು. 2011ರಲ್ಲಿ ರೋಗನಿರೋಧಕ ವ್ಯವಸ್ಥೆಯ ಕಡಿವಾಣ ಬಿಚ್ಚುವ ಇಪಿಲಿಮುಮಾಬ್ ಬಂತು. ಅದನ್ನು ಅದೇ ಬಗೆಯ ನಿವೋಲುಮಾಬ್ ಜೊತೆ ಕೊಟ್ಟ ಪರೀಕ್ಷೆಯಲ್ಲಿ ಐದು ವರ್ಷಗಳ ನಂತರವೂ ಶೇ 52ರಷ್ಟು ರೋಗಿಗಳು ಬದುಕಿದ್ದರು. ಸಸ್ಯಜನ್ಯ ಸಂಯುಕ್ತಗಳು ಇಂದು ಸರಿಗಟ್ಟಬೇಕಾದ ಅಳತೆಗೋಲು ಇದು, ಡಕಾರ್ಬಜೀನ್ ಅಲ್ಲ.

ಗಿಡದಿಂದ ಬಂದದ್ದು ನಿರಪಾಯಕಾರಿ ಎಂಬ ನಂಬಿಕೆಗೂ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಯೂಫೋರ್ಬಿಯಾ ಜಾತಿಯ ಕಳೆಗಿಡದ ಹಾಲಿನಿಂದ ತೆಗೆದ ಇಂಜೆನಾಲ್ ಮೆಬುಟೇಟ್ ಎಂಬ ಲೇಪನ, ಬಿಸಿಲಿನಿಂದಾದ ಕ್ಯಾನ್ಸರ್‌ಪೂರ್ವ ಕಲೆಗಳಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಅದರಿಂದಲೇ ಚರ್ಮದ ಕ್ಯಾನ್ಸರ್ ಹೆಚ್ಚಬಹುದೆಂಬ ಆತಂಕದಿಂದ ಯುರೋಪಿನಲ್ಲಿ 2020ರಲ್ಲಿ ಹಿಂದೆಗೆಯಲಾಯಿತು. ಭಾರತೀಯರಲ್ಲಿ ಮೆಲನೋಮಾ ಅಪರೂಪವಾದರೂ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಅಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆಗೆ ಸೊಪ್ಪು ಅರೆದು ಕಟ್ಟಿ ಕಳೆಯುವ ತಿಂಗಳುಗಳಲ್ಲೇ ರೋಗ ದುಗ್ಧಗ್ರಂಥಿಗಳನ್ನು ದಾಟಿಬಿಡಬಹುದು.

ಬೆಟುಲಿನಿಕ್ ಆಮ್ಲದ ಹತ್ತಿರದ ಸಂಬಂಧಿಯಾದ ಬೆಟುಲಿನ್, ಭೂರ್ಜ (ಬರ್ಚ್) ಕುಲದ ಮರಗಳ ತೊಗಟೆಗೆ ಬಿಳಿ ಬಣ್ಣ ಕೊಡುವ ವಸ್ತು. ಇವೆರಡೂ ಸೇರಿದ ತೊಗಟೆಯ ಸಾರದಿಂದ ಮಾಡಿದ ಜೆಲ್ ಒಂದಕ್ಕೆ ಯುರೋಪು 2022ರಲ್ಲಿ, ಅಮೆರಿಕ 2023ರಲ್ಲಿ ಒಪ್ಪಿಗೆ ನೀಡಿದವು. ಅದು ಕ್ಯಾನ್ಸರಿಗಲ್ಲ, ಮುಟ್ಟಿದರೆ ಚರ್ಮ ಸುಲಿದು ಗುಳ್ಳೆಯೇಳುವ ಆನುವಂಶಿಕ ಕಾಯಿಲೆಯಿರುವವರ ಗಾಯ ಮಾಯಿಸಲು.